ಸೂತ್ರದ ಗೊಂಬೆಗೆ ಮೋಟರ್ ಕಟ್ಟಿದೆವು, ಕುಣಿಯುವ ಬದಲು ನಡುಗುತ್ತಿದೆ. ಏನು ಮಾಡೋಣ?

ಪೆರ್ಲ_ಮಾಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವನು. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ, ಮಕ್ಕಳ ಕಂಪ್ಯೂಟರ್ ಕೂಟವಾದ ಲಿಟಲ್ ಕೈಟ್ಸ್ ಕ್ಲಬ್ಬನ್ನೂ ನಾನೇ ನೋಡಿಕೊಳ್ಳುತ್ತೇನೆ. 2022ರ ಕೊನೆಗೆ ಕೇರಳದ ಹೈಸ್ಕೂಲುಗಳಿಗೆ 9,000 ರೋಬೋಟಿಕ್ ಕಿಟ್ ಕೊಡುವುದು ಶುರುವಾಯಿತಲ್ಲ, ಆ ಪೆಟ್ಟಿಗೆ ನಮ್ಮಲ್ಲೂ ಉಂಟು. ಪ್ರೋಗ್ರಾಂ ತುಂಬಿ ಓಡಿಸುವ ಆರ್ಡುಯಿನೋ ಊನೋ ಬೋರ್ಡ್, ವೈರು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್, ಎಲ್‌ಇಡಿ, ಬೆಳಕಿನ ಸೆನ್ಸರ್, ಬಝರ್, ಪುಶ್ ಬಟನ್, ಜೊತೆಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಎಸ್‌ಜಿ90 ಸರ್ವೋ ಮೋಟರ್, ಅಂದರೆ ಹೇಳಿದಷ್ಟು ಡಿಗ್ರಿ ತಿರುಗಿ ನಿಲ್ಲುವ ಮೋಟರ್.

ಮಕ್ಕಳು ಟ್ರಾಫಿಕ್ ಲೈಟ್ ಮಾಡಿದರು. ಎಲೆಕ್ಟ್ರಾನಿಕ್ ದಾಳ ಮಾಡಿದರು. ತನ್ನಷ್ಟಕ್ಕೆ ತೆರೆಯುವ ಗೇಟು ಮಾಡಿದರು. ಆಮೇಲೆ ಎಲ್ಲರಿಗೂ ಬೇಜಾರು ಬಂತು. ಒಂಬತ್ತನೇ ಕ್ಲಾಸಿನ ಒಬ್ಬಳು ಮದ್ದಳೆ ಕಲಿಯುತ್ತಾಳೆ. ಅವಳು ಕೇಳಿದಳು, "ಸರ್, ಇದಕ್ಕೆ ಯಕ್ಷಗಾನದ ಗೊಂಬೆ ಕಟ್ಟಿದರೆ ಕುಣಿಯುತ್ತದಾ?"

ಕಟ್ಟಿದೆವು. ಗೊಂಬೆಯ ಮೈ ಅಡಿಕೆ ಹಾಳೆಯದ್ದು, ಕಿರೀಟ ಥರ್ಮೋಕೋಲಿನದ್ದು, ಬಟ್ಟೆ ಯಾರದ್ದೋ ಅಜ್ಜಿಯ ಹಳೇ ಸೀರೆಯದ್ದು. ಎತ್ತರ ಒಂದು ಅಡಿ. ಎರಡು ಕೈಗೆ, ಎರಡು ಕಾಲಿಗೆ ಒಂದೊಂದು ಸೂತ್ರ. ಮೇಲೆ ಮರದ ಪಟ್ಟಿ, ಅದರಲ್ಲಿ ನಾಲ್ಕು ಸರ್ವೋ. ಮೂರನ್ನು ಆನ್‌ಲೈನಿನಲ್ಲಿ ತರಿಸಿದೆ. ಅದರಲ್ಲೊಂದರ ಹಲ್ಲುಚಕ್ರ ಮೊದಲೇ ಸವೆದಿತ್ತು, ವಾಪಸ್ ಕಳಿಸಿ ಬೇರೆ ಬರಲು ಹನ್ನೆರಡು ದಿನ ಆಯಿತು. ಅದು ಬೇರೆ ಕತೆ.

ಈಗಿನ ಸಮಸ್ಯೆ ಏನೆಂದರೆ, ನಮ್ಮ ಅರ್ಜುನ ಕುಣಿಯುವುದಿಲ್ಲ. ನಡುಗುತ್ತಾನೆ. ಮಲೇರಿಯಾ ಬಂದವರ ಹಾಗೆ. ನಾಲ್ಕೂ ಮೋಟರ್ ಒಟ್ಟಿಗೆ ಎಳೆದರೆ ಬೋರ್ಡೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಯಾರಾದರೂ ದಾರಿ ಹೇಳಿ.

ಸೀತಾಂಗೋಳಿ_ರಿಪೇರಿ:
ಮಾಷ್ಟ್ರೇ, ಮೋಟರ್‌ಗಳಿಗೆ ಕರೆಂಟು ಎಲ್ಲಿಂದ ಕೊಡ್ತಾ ಇದ್ದೀರಿ? ಬೋರ್ಡಿನ 5 ವೋಲ್ಟ್ ಪಿನ್ನಿಂದ ಅಲ್ವಾ?

ಪೆರ್ಲ_ಮಾಷ್ಟ್ರು:
ಹೌದು. ಬೋರ್ಡಿಗೆ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ.

ಸೀತಾಂಗೋಳಿ_ರಿಪೇರಿ:
ಹಾಗಾದರೆ ಅರ್ಜುನನಿಗೆ ಜ್ವರ ಅಲ್ಲ, ಹೊಟ್ಟೆಗಿಲ್ಲ.

ಈ ಪುಟ್ಟ ಸರ್ವೋ ಸುಮ್ನೆ ನಿಂತಾಗ ಏನೂ ಕೇಳುವುದಿಲ್ಲ. ಭಾರ ಎಳೆಯುವಾಗ ಒಂದೊಂದೂ ಅರ್ಧ ಆಂಪಿಯರ್‌ಗಿಂತ ಜಾಸ್ತಿ ಎಳೆಯಬಹುದು. ಲ್ಯಾಪ್‌ಟಾಪಿನ ಯುಎಸ್‌ಬಿ ಕೊಡುವುದೇ ಅಷ್ಟು. ನಾಲ್ಕು ಒಟ್ಟಿಗೆ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಬೋರ್ಡು ಸತ್ತು ಹುಟ್ಟುತ್ತದೆ. ಹಳೇ ಮೊಬೈಲ್ ಚಾರ್ಜರ್ ತೆಗೆದುಕೊಳ್ಳಿ, 5 ವೋಲ್ಟ್ 2 ಆಂಪಿಯರ್ ಬರೆದಿರುವಂಥದ್ದು. ಮೋಟರ್‌ಗಳ ಕೆಂಪು ವೈರಿಗೆ ಅದರಿಂದಲೇ ಕೊಡಿ. ಚಾರ್ಜರಿನ ನೆಗೆಟಿವ್ ಮತ್ತು ಬೋರ್ಡಿನ ಗ್ರೌಂಡ್ ಎರಡನ್ನೂ ಸೇರಿಸಲೇಬೇಕು. ತುಂಬಾ ಜನ ಮರೆಯುವುದು ಇದನ್ನೇ. ಸೇರಿಸದಿದ್ದರೆ ಸಿಗ್ನಲ್ ಯಾವುದಕ್ಕೆ ಹೋಲಿಸಿ ಅಳೆಯಬೇಕು ಎಂದು ಮೋಟರಿಗೆ ಗೊತ್ತಾಗುವುದಿಲ್ಲ, ಮತ್ತೆ ನಡುಗುತ್ತದೆ. ಮೋಟರಿನ ಪ್ಲಸ್ ಮೈನಸ್ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಹಾಕಿ. ಹಾಳಾದ ಟಿವಿ ಬೋರ್ಡಿನಲ್ಲಿ ಸಿಗುತ್ತದೆ, ಇಲ್ಲದಿದ್ದರೆ ನನ್ನ ಅಂಗಡಿಗೆ ಬನ್ನಿ. ಕೆಪಾಸಿಟರಿನ ಪ್ಲಸ್ ಮೈನಸ್ ಕಾಲು ತಿರುಗಿಸಿ ಹಾಕಬೇಡಿ, ಪಟಾಕಿ ಆಗುತ್ತದೆ.

ಇನ್ನೊಂದು. ಸೂತ್ರ ಕಟ್ಟಿದ ಕಡ್ಡಿ ಎಷ್ಟು ಉದ್ದ?

ಪೆರ್ಲ_ಮಾಷ್ಟ್ರು:
ಐಸ್‌ಕ್ರೀಮ್ ಕಡ್ಡಿ. ಸುಮಾರು 9 ಸೆಂಟಿಮೀಟರ್.

ಸೀತಾಂಗೋಳಿ_ರಿಪೇರಿ:
ಅಯ್ಯೋ. ಆ ಮೋಟರಿನ ಶಕ್ತಿ 1.8 ಕಿಲೋ-ಸೆಂಟಿಮೀಟರ್. ಅಂದರೆ ನಡುವಿನಿಂದ 1 ಸೆಂಟಿಮೀಟರ್ ದೂರದಲ್ಲಿ 1.8 ಕಿಲೋ ತಡೆಯುತ್ತದೆ. 9 ಸೆಂಟಿಮೀಟರಿಗೆ 200 ಗ್ರಾಂ, ಅದೂ ಜೀವ ಹೋಗುವಷ್ಟು ಎಳೆದಾಗ. 3 ಸೆಂಟಿಮೀಟರಿಗೆ ಕತ್ತರಿಸಿ. 90 ಡಿಗ್ರಿ ತಿರುಗಿದರೆ ದಾರ 4 ಸೆಂಟಿಮೀಟರ್ ಮೇಲೆ ಬರುತ್ತದೆ. ಒಂದು ಅಡಿ ಗೊಂಬೆಯ ಕಾಲಿಗೆ ಅಷ್ಟು ಸಾಕು.

ಕುಂಬಳೆ_ಚೆಂಡೆ:
ಎಲ್ಲ ಸರಿ. ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನು ನಾನು. ಕಾಸರಗೋಡಿನಲ್ಲೇ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಇದೆ. ಕೆ.ವಿ. ರಮೇಶ್ ಅವರ ತಂಡ, ದೇಶ ವಿದೇಶ ಸುತ್ತಿ ಆಟ ಆಡಿಸಿದವರು. ಕೈಯಲ್ಲಿ ಕುಣಿಸುವ ಕಲೆ ಮನೆ ಬಾಗಿಲಲ್ಲೇ ಇರುವಾಗ ಮೋಟರ್ ಯಾಕೆ? ಮಕ್ಕಳನ್ನು ಅಲ್ಲಿಗೆ ಕರಕೊಂಡು ಹೋಗಿ ಮಾರಾಯ್ರೇ. ಇದೆಲ್ಲ ಮುಖ್ಯಮಂತ್ರಿ ಬಂದಾಗ ತೋರಿಸುವ ಆಟಿಕೆ.

ಪೆರ್ಲ_ಮಾಷ್ಟ್ರು:
ಬೇಸರ ಏನಿಲ್ಲ ಅಣ್ಣ. ನಿಜ ಹೇಳಬೇಕೆಂದರೆ, ಮೋಟರ್ ನಡುಗಿದ ಮೇಲೆಯೇ ನಮ್ಮ ಮಕ್ಕಳು ಕೈಯಲ್ಲಿ ಕುಣಿಸುವವರ ವಿಡಿಯೋ ನೋಡಲು ಕೂತದ್ದು. ಮೊದಲು ತೋರಿಸಿದಾಗ ಐದು ನಿಮಿಷಕ್ಕೆ ಆಕಳಿಸಿದ್ದರು. ಈಗ ನಿಧಾನ ಮಾಡಿ, ನಿಲ್ಲಿಸಿ, "ಸರ್, ಎಡಗೈ ನೋಡಿ" ಎನ್ನುತ್ತಾರೆ.

ಕುಂಬಳೆ_ಚೆಂಡೆ:
ಸರಿ, ಸರಿ. ನೋಡೋಣ.

ಪೆರ್ಲ_ಮಾಷ್ಟ್ರು:
ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ. ಚಾರ್ಜರ್ ಹಾಕಿದೆವು, ಗ್ರೌಂಡ್ ಸೇರಿಸಿದೆವು, ಕಡ್ಡಿ ಕತ್ತರಿಸಿದೆವು. ನಡುಕ ನಿಂತಿತು! ಮೋಟರನ್ನು ಒಂದೇ ಏಟಿಗೆ 90 ಡಿಗ್ರಿಗೆ ಓಡಿಸುವ ಬದಲು ಕೈಗಳಿಗೆ ಮಾತ್ರ ಒಂದೊಂದೇ ಡಿಗ್ರಿ ಏರಿಸಿ, ನಡುನಡುವೆ 15 ಮಿಲಿಸೆಕೆಂಡ್ ಕಾಯುವಂತೆ ಮಾಡಿದೆವು. ಕೈ ಈಗ ಚೆಂದ ಏಳುತ್ತದೆ.

ಕಾಲಿಗೆ ತಾಳ ಕೊಟ್ಟೆವು. ತ್ರಿವುಡೆ. ಏಳು ಅಕ್ಷರ, ಮೂರು ಎರಡು ಎರಡು. ಹುಡುಗಿ ಬೋರ್ಡಿನ ಮೇಲೆ ಹೀಗೆ ಬರೆದಳು:

1 0 0 1 0 1 0

ಒಂದು ಇದ್ದಲ್ಲಿ ಕಾಲು, ಸೊನ್ನೆ ಇದ್ದಲ್ಲಿ ಸುಮ್ಮನೆ. ಪ್ರೋಗ್ರಾಂ ಆ ಸಾಲನ್ನು ಓದುತ್ತಾ ಹೋಗುತ್ತದೆ, ಮುಗಿದ ಮೇಲೆ ಮೊದಲಿಗೆ ಬರುತ್ತದೆ. ರೂಪಕ ಬೇಕಾದರೆ ಆರು ಮನೆ, ಝಂಪೆ ಬೇಕಾದರೆ ಹತ್ತು ಮನೆ.

ಆದರೆ ಹೊಸ ತಲೆನೋವು. ಮದ್ದಳೆ ರೆಕಾರ್ಡಿಂಗ್ ಜೊತೆ ಹಾಕಿದರೆ ಗೊಂಬೆ ಯಾವಾಗಲೂ ಸ್ವಲ್ಪ ಹಿಂದೆ. ಅಕ್ಷರ ಲೆಕ್ಕ ಸರಿ ಇದೆ, ವೇಗ ಸರಿ ಇದೆ. ಆದರೂ ತಾಳ ತಪ್ಪಿದ ಹಾಗೇ ಕಾಣುತ್ತದೆ. ಯಾಕೆಂದು ಗೊತ್ತಾಗುತ್ತಿಲ್ಲ.

ಮಗ್ಗದ_ಮನೆ:
ನಿಮ್ಮ ತಲೆನೋವಿಗೆ ನನ್ನಲ್ಲಿ ಮದ್ದಿಲ್ಲ ಮಾಷ್ಟ್ರೇ. ಆದರೆ ಆ 1 0 0 1 0 1 0 ನೋಡಿ ಎದ್ದು ಕೂತೆ. ಇದು ನಮ್ಮ ಮನೆಯ ಮಗ್ಗದ ಡಾಬಿ!

ನಮ್ಮ ಅಪ್ಪ ಕಾಸರಗೋಡು ಸೀರೆ ನೇಯುತ್ತಿದ್ದರು. ಭೌಗೋಳಿಕ ಗುರುತು ಸಿಕ್ಕಿದ ಸೀರೆ ಅದು, ಗೊತ್ತಲ್ಲ. ಅಂಚಿನ ಹೂವಿಗೆ ಮಗ್ಗದ ಮೇಲೆ ಮರದ ಡಾಬಿ. ಉದ್ದುದ್ದ ಮರದ ಪಟ್ಟಿಗಳನ್ನು ಸರಪಳಿಯ ಹಾಗೆ ಜೋಡಿಸಿರುತ್ತಾರೆ. ಪಟ್ಟಿಯಲ್ಲಿ ಸಾಲಾಗಿ ತೂತು. ಯಾವ ತೂತಿಗೆ ಮೊಳೆ ಬಡಿದಿದೆಯೋ ಅದಕ್ಕೆ ಸಂಬಂಧಿಸಿದ ಹಾಸುನೂಲು ಏಳುತ್ತದೆ, ಮೊಳೆ ಇಲ್ಲದ್ದು ಕೆಳಗೇ ಇರುತ್ತದೆ. ಒಂದು ಪಟ್ಟಿ ಎಂದರೆ ಒಂದು ಸಲ ಲಾಳಿ ಓಡುವುದು. ಸರಪಳಿ ಒಂದು ಸುತ್ತು ಬಂದರೆ ಒಂದು ಹೂವು ಮುಗಿದು ಮುಂದಿನದು ಶುರು. ನಾನು ಸಣ್ಣವನಿದ್ದಾಗ ಮೊಳೆ ಕೀಳುವುದು ನನಗೆ ಆಟ. ಒಮ್ಮೆ ಒಂದೇ ಒಂದು ಮೊಳೆ ಕಿತ್ತು ಜೇಬಿಗೆ ಹಾಕಿದ್ದೆ. ಅಪ್ಪ ಅರ್ಧ ಮೊಳ ನೇಯ್ದ ಮೇಲೆ ನೋಡಿದರೆ ಎಲ್ಲ ಹೂವಿಗೂ ಒಂದೊಂದು ಎಸಳು ಕಡಿಮೆ. ಬಿಚ್ಚಬೇಕಾಯಿತು. ಪೆಟ್ಟು ಎಷ್ಟು ಬಿತ್ತೆಂದು ಬರೆಯುವುದಿಲ್ಲ.

ಅಕ್ಕಲಕೋಟ_ಕಾಕಾ:
ನಮಸ್ಕಾರ ರೀ. ಅಕ್ಕಲಕೋಟದಿಂದ ಬರೀತಾ ಇದ್ದೇನೆ, ಕೆಲಸ ಸೋಲಾಪುರದಲ್ಲಿ, ಚಾದರದ ಮಗ್ಗ. ಮಗ್ಗದ ಮನೆಯವರು ಹೇಳಿದ್ದು ಓದಿ ಸುಮ್ನಿರೋಕೆ ಆಗಲಿಲ್ಲ.

ಡಾಬಿಗೆ ಅಣ್ಣ ಜಕಾರ್ಡ್. ಫ್ರಾನ್ಸಿನ ಲಿಯೋನಿನಲ್ಲಿ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ಮಾಡಿದ್ದು. ಮೊಳೆ ಬದಲು ರಟ್ಟಿನ ಕಾರ್ಡು, ತೂತು ಇದ್ದರೆ ನೂಲು ಏಳುತ್ತದೆ. ಇಂಗ್ಲೆಂಡಿನ ಬ್ಯಾಬೇಜ್ ಲೆಕ್ಕ ಮಾಡುವ ಯಂತ್ರ ಯೋಚಿಸಿದಾಗ ಈ ತೂತಿನ ಕಾರ್ಡನ್ನೇ ಎತ್ತಿಕೊಂಡ. 1843ರಲ್ಲಿ ಏಡಾ ಲವ್‌ಲೇಸ್ ಆ ಯಂತ್ರದ ಬಗ್ಗೆ ಬರೆಯುತ್ತಾ, ಜಕಾರ್ಡ್ ಮಗ್ಗ ಹೂವು ಎಲೆ ನೇಯುವ ಹಾಗೆ ಇದು ಬೀಜಗಣಿತದ ವಿನ್ಯಾಸ ನೇಯುತ್ತದೆ ಅಂತ ಹೇಳಿದಳು. ಕಂಪ್ಯೂಟರ್ ಬಂದು ಕೈಕೆಲಸದ ಮನೆ ಹೊಕ್ಕಿತು ಅಂತಾರೆ ಜನ. ಹೊಕ್ಕಿದ್ದಲ್ಲ ರೀ, ತವರಿಗೆ ಬಂದದ್ದು.

ನಾನು ಕೆಲಸಕ್ಕೆ ಸೇರಿದಾಗ ಕಾರ್ಡು ಕೈಯಲ್ಲೇ ಪಂಚ್ ಮಾಡುತ್ತಿದ್ದೆವು. ಎದುರಿಗೆ ಗ್ರಾಫ್ ಕಾಗದ, ಕೆಂಪು ಮನೆ ಬಂದರೆ ತೂತು, ಬಿಳಿ ಬಂದರೆ ಬಿಡು. ಒಂದು ಚಾದರದ ನವಿಲಿಗೆ ಕಾರ್ಡು ಎಷ್ಟೆಂದರೆ ಹೊಲಿದು ನೇತು ಹಾಕಿದರೆ ಮಾಡಿನಿಂದ ನೆಲದವರೆಗೆ ಮಡಚಿ ಮಡಚಿ ಇರುತ್ತಿತ್ತು. ಈಗ ಎಲೆಕ್ಟ್ರಾನಿಕ್ ಜಕಾರ್ಡ್. ಹುಡುಗರು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುತ್ತಾರೆ, ಒಂದು ಚುಕ್ಕಿ ಎಂದರೆ ಒಂದು ನೂಲಿನ ಮೇಲೆ ಒಂದು ನೂಲು. ಪೆನ್‌ಡ್ರೈವ್ ಚುಚ್ಚಿದರೆ ನವಿಲು.

ಒಂದು ತಮಾಷೆ. ಹೊಸ ಹುಡುಗರು ಪರದೆ ಮೇಲೆ ದುಂಡಗೆ ಸೂರ್ಯ ಬಿಡಿಸುತ್ತಾರೆ, ಚಾದರದಲ್ಲಿ ಮೊಟ್ಟೆ ಬರುತ್ತದೆ. ಪರದೆಯ ಚುಕ್ಕಿ ಚೌಕ. ಬಟ್ಟೆಯಲ್ಲಿ ಇಂಚಿಗೆ ಹಾಸುನೂಲು ಎಷ್ಟು, ಹೊಕ್ಕುನೂಲು ಎಷ್ಟು ಎನ್ನುವುದು ಒಂದೇ ಇರುವುದಿಲ್ಲ. ಹಳಬರ ಗ್ರಾಫ್ ಕಾಗದದ ಮನೆಗಳು ಅದಕ್ಕೇ ಚೌಕ ಇರುತ್ತಿರಲಿಲ್ಲ.

ಕುಂಬಳೆ_ಚೆಂಡೆ:
ಕಾಕಾ, ಪವರ್‌ಲೂಮ್ ಬಂದು ಕೈಮಗ್ಗದವರ ಹೊಟ್ಟೆ ಮೇಲೆ ಹೊಡೆದದ್ದೂ ಇದೇ ಕಾರ್ಡು ಅಲ್ವಾ?

ಅಕ್ಕಲಕೋಟ_ಕಾಕಾ:
ಅದು ಸುಳ್ಳಲ್ಲ. ಕೆಲವು ಬಗೆಯ ಬಟ್ಟೆ ಕೈಮಗ್ಗಕ್ಕೇ ಮೀಸಲು ಅಂತ 1985ರಲ್ಲಿ ಕಾನೂನೇ ಆಗಿದೆ. ಅದನ್ನು ಮೀರಿ ಮಾಡುವವರೂ ಇದ್ದಾರೆ. ನಾನು ಪವರ್‌ಲೂಮಿನವನು, ನನ್ನ ಬಾಯಲ್ಲಿ ಜಾಸ್ತಿ ನ್ಯಾಯ ಬೇಡ.

ಹೊಸೂರು_ರಂಗೋಲಿ:
ಗೊಂಬೆ ವಿಷಯಕ್ಕೆ ಸಂಬಂಧ ಇಲ್ಲ ಅನ್ನಿಸಿದರೆ ಕ್ಷಮಿಸಿ ಮೇಷ್ಟ್ರೇ. ನಾನು ಹೊಸೂರಿನಲ್ಲಿ ಮನೆಪಾಠ ಹೇಳುತ್ತೇನೆ. ನಮ್ಮಲ್ಲಿ ಎದುರುಮನೆಯವರು ಕೋಲಂ, ನಮ್ಮ ಮನೆ ಮುಂದೆ ರಂಗೋಲಿ, ಚುಕ್ಕಿ ಮಾತ್ರ ಎರಡು ಕಡೆಗೂ ಒಂದೇ.

ಚುಕ್ಕಿಗಳನ್ನು ಸುತ್ತಿ ಬರುವ ರಂಗೋಲಿ ಇದೆಯಲ್ಲ, ಕೈ ಎತ್ತದೆ ಹಾಕುವಂಥದ್ದು. ಅದರ ಮೇಲೆ ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಅವರ ಜೊತೆಯವರು 1970ರ ದಶಕದಲ್ಲೇ ಕಂಪ್ಯೂಟರ್ ವಿಜ್ಞಾನದ ಲೇಖನ ಬರೆದಿದ್ದಾರೆ. ರಂಗೋಲಿಗೂ ವ್ಯಾಕರಣ ಇದೆ, ಸಣ್ಣ ನಿಯಮದಿಂದ ದೊಡ್ಡ ಚಿತ್ರ ಬೆಳೆಯುತ್ತದೆ ಅಂತ. ನನ್ನ ಪಾಠದ ಮಕ್ಕಳಿಗೆ ಪರದೆ ಮೇಲೆ ಆಮೆ ಓಡಿಸಿ ಗೆರೆ ಎಳೆಯುವ ಪ್ರೋಗ್ರಾಂ ಹೇಳಿಕೊಡುವಾಗ ಇದನ್ನೇ ಇಟ್ಟುಕೊಂಡೆ. ಮುಂದೆ ಹೋಗು, ಸುತ್ತು ಬಾ, ಬಲಕ್ಕೆ ತಿರುಗು. ಅಷ್ಟನ್ನು ನಾಲ್ಕು ಸಲ. ನಮ್ಮ ಅತ್ತೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಪರದೆ ನೋಡಿ, "ಆ ಗೆರೆ ಶುರುವಾದ ಕಡೆಗೆ ಬಂದು ಸೇರಲ್ಲ, ಒಂದು ಚುಕ್ಕಿ ತೆಗಿ" ಎಂದರು. ತೆಗೆದೆವು. ಸೇರಿತು. ಅವರು ಮತ್ತೆ ಅವರೆಕಾಯಿಗೆ ಹೋದರು.

ಎರಡು ಮೋಟರ್ ಇಟ್ಟು ರಂಗೋಲಿ ಹಾಕುವ ಗಾಡಿಯನ್ನೂ ಮಾಡಿದ್ದೆವು. ಅಕ್ಕಿಹಿಟ್ಟು ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಕಲ್ಲಿನ ರಂಗೋಲಿ ಪುಡಿ ಸಲೀಸಾಗಿ ಇಳಿಯುತ್ತದೆ. ಆದರೆ ಗಾಡಿ ನಿಂತು ತಿರುಗುವ ಕಡೆಯಲ್ಲೆಲ್ಲ ಒಂದೊಂದು ಗುಡ್ಡೆ!

ಮಡಕಶಿರಾ_ತಮ್ಮ:
ಅಕ್ಕಾ, ಗುಡ್ಡೆ ಕತೆ ಸೂಪರ್.

ನಮ್ಮ ಕಡೆ ಧರ್ಮಾವರಂ ಹತ್ತಿರ ನಿಮ್ಮಲಕುಂಟ ಅಂತ ಊರು, ತೊಗಲುಬೊಂಬೆಯವರು ಇದ್ದಾರೆ. ಆಡಿನ ಚರ್ಮವನ್ನು ಬೆಳಕು ದಾಟುವ ಹಾಗೆ ಹದ ಮಾಡಿ, ಉಳಿಯಲ್ಲಿ ತೂತು ಕೊರೆದು, ಬಣ್ಣ ಹಾಕುತ್ತಾರೆ. ಈಗ ಆಟಕ್ಕಿಂತ ಲ್ಯಾಂಪ್‌ಶೇಡ್ ಜಾಸ್ತಿ ಹೋಗುತ್ತದೆ. ನಾನು ಬೆಂಗಳೂರಿನಲ್ಲಿ ಲೇಸರ್ ಕಟಿಂಗ್ ಅಂಗಡಿಯಲ್ಲಿ ಇದ್ದೆ. ಒಂದು ಜಿಂಕೆ ಚಿತ್ರ ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ಎನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಗೆರೆ ಎಳೆದು, ಚರ್ಮದ ತುಂಡಿನ ಮೇಲೆ ಲೇಸರ್ ಬಿಟ್ಟೆ. ಅಂಗಡಿ ತುಂಬಾ ಕೂದಲು ಸುಟ್ಟ ವಾಸನೆ. ತೂತಿನ ಅಂಚೆಲ್ಲ ಕಪ್ಪು, ಬಿಸಿಗೆ ಚರ್ಮ ಮುದುರಿತು. ಉಳಿಯ ತೂತಿನಲ್ಲಿ ಬೆಳಕು ಚಿನ್ನದ ಹಾಗೆ ಬರುತ್ತದೆ, ನನ್ನದರಲ್ಲಿ ಕಾಡಿಗೆ ಹಚ್ಚಿದ ಹಾಗೆ. ಓನರ್ ಬೈದರು. ಕಾಗದದ ಮೇಲೆ ಅಳತೆಯ ಅಚ್ಚು ಕತ್ತರಿಸಲು ಮಾತ್ರ ಲೇಸರ್ ಒಳ್ಳೆಯದು.

ಮಾಷ್ಟ್ರೇ, ಮುಂದೆ ಯಾವತ್ತಾದರೂ ಲೇಸರ್‌ನಲ್ಲಿ ಗೊಂಬೆ ಆಭರಣ ಕತ್ತರಿಸುವುದಾದರೆ ರೆಕ್ಸಿನ್ ಮಾತ್ರ ಹಾಕಬೇಡಿ. ಪಿವಿಸಿ ಇರುತ್ತದೆ, ಸುಟ್ಟರೆ ವಿಷದ ಹೊಗೆ. ಮೆಷಿನ್ನೂ ತುಕ್ಕು ಹಿಡಿಯುತ್ತದೆ.

ಬೇಕಲ_05:
ಇಷ್ಟೆಲ್ಲ ಕಷ್ಟ ಯಾಕೆ? ಎಐಗೆ ಹೇಳಿದರೆ ಯಕ್ಷಗಾನ ಗೊಂಬೆ ಕುಣಿಯುವ ವಿಡಿಯೋ ಅದೇ ಮಾಡಿ ಕೊಡ್ತದೆ.

ಮಗ್ಗದ_ಮನೆ:
ನಾನು ಕೇಳಿ ನೋಡಿದ್ದೇನೆ. ನಮ್ಮ ಕಡೆಯ ತೆಂಕುತಿಟ್ಟು ಯಕ್ಷಗಾನದ ವೇಷ ಕೇಳಿದೆ. ಕಥಕ್ಕಳಿಯ ಹಸಿರು ಮುಖ, ಬಡಗುತಿಟ್ಟಿನ ಮುಂಡಾಸು, ಕೈಗೆ ಆರು ಬೆರಳು. ನಮ್ಮ ಜಿಲ್ಲೆಯ ಭಾಷೆಗಳ ಹಾಗೆ ಎಲ್ಲ ಒಟ್ಟಿಗೆ.

ಬೇಕಲ_05:
ಹಹ್ಹ. ಸರಿ, ಸೋತೆ.

ನೀರ್ಚಾಲು_ಸೂತ್ರ:
ತಡವಾಗಿ ನೋಡಿದೆ. ಮಾಷ್ಟ್ರೇ, ನಿಮ್ಮ ಗೊಂಬೆ ಯಾಕೆ ಹಿಂದೆ ಬೀಳುತ್ತದೆಂದು ಹೇಳುತ್ತೇನೆ. ನಾನು ಪ್ರೋಗ್ರಾಂ ಕಲಿತವನಲ್ಲ, ಆದರೆ ಕೆಲವು ವರ್ಷ ಗೊಂಬೆಯ ದಾರ ಹಿಡಿದಿದ್ದೇನೆ.

ನಿಮ್ಮ ಸಾಲಿನಲ್ಲಿ 1 ಬಂದಾಗ ಏನಾಗುತ್ತದೆ? ಕಾಲು ಏಳುತ್ತದೆ. ಅಲ್ಲೇ ತಪ್ಪು. ತಾಳದ ಪೆಟ್ಟಿಗೆ ಕಾಲು ಏಳಬಾರದು, ಬೀಳಬೇಕು. ಗೆಜ್ಜೆ ಸದ್ದು ಬರುವುದು ಕಾಲು ನೆಲಕ್ಕೆ ತಾಗಿದಾಗ ಅಲ್ವಾ? ಏಳುವುದು ಪೆಟ್ಟಿನ ಮೊದಲೇ ಆಗಿರಬೇಕು. ದಾರ ಹಿಡಿದವನ ಕೈ ಯಾವಾಗಲೂ ಮದ್ದಳೆಗಿಂತ ಒಂದು ಉಸಿರು ಮುಂದೆ ಇರುತ್ತದೆ. ನನಗೆ ಇದನ್ನು ಕಲಿಸಿದವರು ಬಾಯಲ್ಲಿ ಹೇಳಿ ಕಲಿಸಲಿಲ್ಲ. ನನ್ನ ಮೊಣಕೈಗೆ ಕೆಳಗಿನಿಂದ ತಟ್ಟುತ್ತಿದ್ದರು, ಪೆಟ್ಟು ಬೀಳುವ ಸ್ವಲ್ಪ ಮೊದಲು. ತಟ್ಟಿ ತಟ್ಟಿ ಮೊಣಕೈಯೇ ಕಲಿಯಿತು.

ಇನ್ನೊಂದು, ಹಾಳೆಯ ಕಾಲು ಹಗುರ. ದಾರ ಬಿಟ್ಟರೆ ಗಾಳಿಯಲ್ಲಿ ತೇಲಿಕೊಂಡು ಬರುತ್ತದೆ. ಪಾದಕ್ಕೆ ಭಾರ ಬೇಕು. ಮೀನುಬಲೆಗೆ ಕಟ್ಟುವ ಸೀಸದ ಗುಂಡು ಕಟ್ಟಿ.

ಹೊಸೂರು_ರಂಗೋಲಿ:
ಸೀಸ ಬೇಡ ಅಣ್ಣ, ಮಕ್ಕಳು ಮುಟ್ಟುತ್ತಾರೆ, ಅದೇ ಕೈಯಲ್ಲಿ ತಿನ್ನುತ್ತಾರೆ. ಸೀಸ ವಿಷ. ಸೈಕಲ್ ನಟ್ಟು ಕಟ್ಟಿದರೂ ಭಾರವೇ ಅಲ್ವಾ?

ನೀರ್ಚಾಲು_ಸೂತ್ರ:
ಅದೂ ಸರಿ. ನಟ್ಟೇ ಕಟ್ಟಿ. ಗೆಜ್ಜೆಯೊಳಗೆ ಮುಚ್ಚಿ ಹೋಗುತ್ತದೆ.

ಸೀತಾಂಗೋಳಿ_ರಿಪೇರಿ:
ಸೂತ್ರದವರು ಹೇಳಿದ್ದಕ್ಕೆ ಲೆಕ್ಕವೂ ಇದೆ. ಎಸ್‌ಜಿ90ಗೆ 60 ಡಿಗ್ರಿ ತಿರುಗಲು ಸುಮಾರು 0.1 ಸೆಕೆಂಡ್ ಬೇಕು, ಭಾರ ಇಲ್ಲದಿದ್ದಾಗ. 90 ಡಿಗ್ರಿ, ಅದರ ಮೇಲೆ ಭಾರ ಎಂದರೆ 0.2 ಸೆಕೆಂಡ್ ಹಿಡಿಯಿರಿ. ಏರಲು ಅಷ್ಟು, ಇಳಿಯಲು ಅಷ್ಟು. ನೀವು ಪೆಟ್ಟು ಬಿದ್ದಾಗ ಶುರು ಮಾಡಿದರೆ ಕಾಲು ನೆಲ ಮುಟ್ಟುವಾಗ 0.4 ಸೆಕೆಂಡ್ ಕಳೆದಿರುತ್ತದೆ. ಅಷ್ಟು ತಡವಾದರೆ ಯಾರ ಕಣ್ಣಿಗೂ ಕಾಣುತ್ತದೆ. ಪ್ರೋಗ್ರಾಮಿನಲ್ಲಿ ಅಷ್ಟು ಮೊದಲೇ ಶುರು ಮಾಡಿಸಿ.

ಪೆರ್ಲ_ಮಾಷ್ಟ್ರು:
ಎಲ್ಲರಿಗೂ ದೊಡ್ಡ ನಮಸ್ಕಾರ. 0.4 ಸೆಕೆಂಡ್ ಮೊದಲೇ ಶುರು ಮಾಡಿದೆವು. ಪಾದಕ್ಕೆ ಸೈಕಲ್ ನಟ್ಟು. ರೆಕಾರ್ಡಿಂಗ್ ಜೊತೆ ಸರಿಯಾಗಿ ಕೂತಿತು. ನಟ್ಟು ಹಲಗೆಗೆ ತಾಗಿ ಟಕ್ ಎಂದಾಗ ಮಕ್ಕಳು ಕಿರುಚಿದ್ದು ಪಕ್ಕದ ಕ್ಲಾಸಿಗೆ ಕೇಳಿ ಹೆಡ್‌ಮಾಷ್ಟ್ರು ಬಂದರು.

ಆದರೆ ನಿನ್ನೆ ರೆಕಾರ್ಡಿಂಗ್ ಬಿಟ್ಟು ನಮ್ಮದೇ ಮಕ್ಕಳು ಪದ ಹೇಳಿದರು. ಮುಗಿಯಿತು ಕತೆ. ಭಾಗವತಿಕೆ ಮಾಡುವವನು ಒಂದು ಕಡೆ ಎಳೆಯುತ್ತಾನೆ, ಒಂದು ಕಡೆ ಓಡುತ್ತಾನೆ. ಗೊಂಬೆಗೆ ಅದು ಗೊತ್ತಿಲ್ಲ. ನಾನು ಪುಶ್ ಬಟನ್ ಹಾಕಿ, ಒಬ್ಬರು ತಾಳಕ್ಕೆ ಒತ್ತುತ್ತಾ ಹೋಗಲಿ, ಕೊನೆಯ ನಾಲ್ಕು ಒತ್ತುಗಳ ಸರಾಸರಿ ತೆಗೆದು ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಪ್ರೋಗ್ರಾಂ ಊಹಿಸಲಿ ಎಂದು ಬರೆದೆ. ಎರಡು ರಾತ್ರಿ ಕೂತೆ. ಎಲ್ಲ ಒಂದೇ ವೇಗದಲ್ಲಿ ಹೋದರೆ ಸರಿ, ವೇಗ ಏರುವಾಗ ಸರಾಸರಿ ಹಿಂದೆ ಉಳಿಯುತ್ತದೆ.

ಮದ್ದಳೆಯ ಹುಡುಗಿ ಅದನ್ನೆಲ್ಲ ಅಳಿಸಿದಳು. ನನ್ನನ್ನು ಕೇಳಲೂ ಇಲ್ಲ. ಅವಳು ಇಟ್ಟದ್ದು ಎರಡೇ ಮಾತು: ಬಟನ್ ಒತ್ತಿದರೆ ಕಾಲು ಮೇಲೆ, ಬಿಟ್ಟರೆ ಕೆಳಗೆ. ಅವಳ ಎಡಗೈಗೆ ಒಂದು ಬಟನ್, ಬಲಗೈಗೆ ಒಂದು. "ಯಾವಾಗ ಒತ್ತುತ್ತೀ?" ಎಂದು ಕೇಳಿದೆ. "ಪೆಟ್ಟಿಗೆ ಒತ್ತುವುದಿಲ್ಲ ಸರ್. ಮದ್ದಳೆಗೆ ಕೈ ಎತ್ತುವಾಗ ಹೇಗೋ ಹಾಗೆ ಒತ್ತುತ್ತೇನೆ, ಪೆಟ್ಟು ಬೀಳುವ ಮೊದಲು ಬಿಡುತ್ತೇನೆ" ಎಂದಳು. ಎರಡು ದಿನದಲ್ಲಿ ಭಾಗವತ ಎಷ್ಟು ಎಳೆದರೂ ಗೊಂಬೆ ಜೊತೆಗೇ ಇತ್ತು.

ಕುಂಬಳೆ_ಚೆಂಡೆ:
ಅಂದರೆ ಗೊಂಬೆ ಕುಣಿಸುವುದು ಅವಳೇ. ಮೋಟರ್ ಬರೀ ದಾರ.

ಪೆರ್ಲ_ಮಾಷ್ಟ್ರು:
ಹೌದು ಅಣ್ಣ.

ಕುಂಬಳೆ_ಚೆಂಡೆ:
ಧಿಗಿಣ, ಅದೇ ಗಿರಗಿರ ಸುತ್ತುವ ಕುಣಿತ, ಹಾಕಿಸಲು ಆಗುತ್ತದಾ?

ಸೀತಾಂಗೋಳಿ_ರಿಪೇರಿ:
ಈ ಮೋಟರ್ 180 ಡಿಗ್ರಿ ಮಾತ್ರ ತಿರುಗುವುದು. ಧಿಗಿಣಕ್ಕೆ ಪೂರ್ತಿ ಸುತ್ತಬೇಕು, ಅದಕ್ಕೆ ಬೇರೆ ಬಗೆಯ ಮೋಟರ್. ಸೂತ್ರಗಳು ಜಡೆ ಹೆಣೆದ ಹಾಗೆ ಸುತ್ತಿಕೊಳ್ಳುತ್ತವೆ, ಅದಕ್ಕೆ ಏನು ಮಾಡುವುದೋ ನೀರ್ಚಾಲಿನವರೇ ಹೇಳಬೇಕು.

ನೀರ್ಚಾಲು_ಸೂತ್ರ:
ಸುತ್ತಿದಷ್ಟೇ ವಾಪಸ್ ಸುತ್ತಬೇಕು, ಪದ ಮುಗಿಯುವ ಮೊದಲು. ನೋಡುವವರಿಗೆ ಅದೂ ಕುಣಿತ ಎಂದೇ ಕಾಣಬೇಕು. ಆದಿತ್ಯವಾರ ನಾನು ಶಾಲೆ ಕಡೆ ಬರುತ್ತೇನೆ ಮಾಷ್ಟ್ರೇ, ಕುಂಬಳೆಯವರನ್ನೂ ಕರೆಯಿರಿ.

ಪೆರ್ಲ_ಮಾಷ್ಟ್ರು:
ಬನ್ನಿ ಬನ್ನಿ. ಒಂದು ಕಡೆಯ ಪ್ರಶ್ನೆ, ಗೊತ್ತಿದ್ದವರು ಹೇಳಿ. ಮಳೆ ಶುರುವಾದ ಮೇಲೆ ಅರ್ಜುನನ ಬೆನ್ನಿನ ಹಾಳೆಗೆ ಬೂಸ್ಟು ಹಿಡಿಯುತ್ತಿದೆ. ಬಿಸಿಲಿಗೆ ಇಟ್ಟರೆ ಸೊಟ್ಟ ಆಗುತ್ತದೆ. ವಾರ್ನಿಶ್ ಹೊಡೆದರೆ ಭಾರ ಆಗುತ್ತದಾ?

ಮಗ್ಗದ_ಮನೆ:
ವಾರ್ನಿಶ್ ಬೇಡ. ಅಡಿಗೆಮನೆಯ ಅಟ್ಟದಲ್ಲಿ ಎರಡು ದಿನ ಹೊಗೆಗೆ ಇಡಿ, ಹಾಳೆಯ ಟೋಪಿ ಮುಟ್ಟಾಳೆ ಇಡುವ ಹಾಗೆ. ಕಿರೀಟ ಬಿಚ್ಚಿಟ್ಟು. ಥರ್ಮೋಕೋಲ್ ಕರಗೀತು.